ಹೆಂಪ್ ಸೋಪು, ಸಿಬಿಡಿ ಕ್ರೀಮು: ಕಾನೂನು ಏನನ್ನುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೆಂಪ್ ಶಾಂಪೂ, ಹೆಂಪ್ ಸೋಪು, ಸಿಬಿಡಿ ಸೀರಮ್ ಈಗ ಆನ್‌ಲೈನ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಹೆಂಪ್ ಅಂದರೆ ಗಾಂಜಾ ಜಾತಿಯದೇ ಗಿಡ, ಸಿಬಿಡಿ ಅಂದರೆ ಆ ಗಿಡದಲ್ಲಿರುವ, ಅಮಲು ತರಿಸದ ಒಂದು ಪದಾರ್ಥ. ಕೊಳ್ಳುವವರಿಗೆ ಒಳಗೊಳಗೇ ಹೆದರಿಕೆ, ಮಾಡುವವರಿಗೆ ಗೊಂದಲ. ಸಣ್ಣದಾಗಿ ಸೋಪು ಮಾಡಿ ನಾಲ್ಕು ಕಾಸು ನೋಡುತ್ತಿರುವವರು ಯಾರೋ ಹೇಳಿದ ಅರ್ಧ ಮಾತು ನಂಬಿಕೊಂಡು ಕೇಸಿಗೆ ಸಿಕ್ಕಬಾರದು ಅನ್ನೋದು ನನ್ನ ಕಾಳಜಿ. ಅದಕ್ಕೇ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು, ಅವರು ಕೇಳಿದ ಹಾಗೇ, ಇಲ್ಲಿ ಸೇರಿಸಿದ್ದೇನೆ. ಹೆಚ್ಚಿನದು ಭಾರತದ ಕಾನೂನು. ರಫ್ತು ಮಾಡುವವರಿಗಾಗಿ ಬೇರೆ ದೇಶಗಳ ಮಾತು ಕೊನೆಯಲ್ಲಿದೆ.

## ಕೊಳ್ಳುವವರು ಕೇಳುವುದು

ಗಾಂಜಾ ಗಿಡದ ಎಣ್ಣೆ ಹಾಕಿದ ಸೋಪು ರಾಜಾರೋಷವಾಗಿ ಮಾರ್ತಿದ್ದಾರಲ್ಲ, ಪೊಲೀಸ್ ಕೇಸ್ ಆಗಲ್ವಾ?

ಬೀಜದ ಎಣ್ಣೆ ಆಗಿದ್ದರೆ ಆಗಲ್ಲ. ನಮ್ಮ ದೇಶದಲ್ಲಿ ಇದನ್ನು ನೋಡಿಕೊಳ್ಳುವುದು 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳನ್ನು ನಿಯಂತ್ರಿಸುವ ಕಾನೂನು. ಅದು ಇಡೀ ಗಿಡವನ್ನು ಒಂದೇ ತಕ್ಕಡಿಗೆ ಹಾಕಿಲ್ಲ. ಗಿಡದಿಂದ ತೆಗೆದ ಅಂಟು ಚರಸ್. ಹೂವು, ಕಾಯಿ ಬಿಟ್ಟ ತುದಿ ಗಾಂಜಾ. ಇವೆರಡರಲ್ಲಿ ಯಾವುದನ್ನು ಯಾವುದರ ಜೊತೆ ಬೆರೆಸಿದರೂ ಅದೂ ನಿಷಿದ್ಧ. ಆದರೆ ತುದಿಯ ಜೊತೆ ಸೇರಿರದ ಬೀಜ ಮತ್ತು ಎಲೆಯನ್ನು ಗಾಂಜಾದ ವ್ಯಾಖ್ಯೆಯಿಂದ ಕಾಯ್ದೆಯೇ ಹೊರಗಿಟ್ಟಿದೆ. ಆ ಬೀಜವನ್ನು ಗಾಣಕ್ಕೆ ಹಾಕಿ ಹಿಂಡಿದ ಎಣ್ಣೆಯೇ ಹೆಂಪ್ ಸೀಡ್ ಆಯಿಲ್. ಸೋಪಿನಲ್ಲಿರುವುದು ಇದೇ ಎಣ್ಣೆ ಅನ್ನೋದು ಖಚಿತವಿದ್ದರೆ ಕೊಳ್ಳುವವರು ಹೆದರಬೇಕಿಲ್ಲ.

ಕುಮಾಂವ್ ಕಡೆಯ ಬೆಟ್ಟದ ಊರುಗಳಲ್ಲಿ ಈ ಬೀಜವನ್ನು ಹುರಿದು ಚಟ್ನಿ ಅರೆಯುತ್ತಾರೆ. ಅಲ್ಲಿ ಅದು ದಿನನಿತ್ಯದ ಊಟ. ನಮಗೆ ಹೊಸದು, ಅದಕ್ಕೇ ಅಳುಕು ಜಾಸ್ತಿ.

ಹಚ್ಕೊಂಡ್ರೆ ಮತ್ತು ಬರುತ್ತಾ? ನಮ್ಮ ಆಫೀಸಲ್ಲಿ ಯೂರಿನ್ ಟೆಸ್ಟ್ ಬೇರೆ ಮಾಡ್ತಾರೆ.

ಮತ್ತು ಬರುವುದಿಲ್ಲ. ಮತ್ತು ತರಿಸುವುದು ಟಿಎಚ್‌ಸಿ ಅನ್ನುವ ಪದಾರ್ಥ. ಬೀಜದೊಳಗೆ ಅದು ಹುಟ್ಟುವುದೇ ಇಲ್ಲ. ಬೀಜವನ್ನು ಸುತ್ತಿಕೊಂಡಿರುವ ಸಿಪ್ಪೆಯ ಮೇಲಿನ ಅಂಟು ಕಟಾವಿನ ವೇಳೆ ಬೀಜಕ್ಕೆ ಮೆತ್ತಿಕೊಳ್ಳುತ್ತದೆ. ಸರಿಯಾಗಿ ಶುಚಿ ಮಾಡದೆ ಹಿಂಡಿದರೆ ಅದರ ಚೂರುಪಾರು ಎಣ್ಣೆಗೆ ಇಳಿಯುತ್ತದೆ. ಅದೂ ಚರ್ಮ ದಾಟಿ ರಕ್ತ ಸೇರುವುದು ತೀರಾ ಕಡಿಮೆ. ತೊಳೆದು ಹೋಗುವ ಸೋಪಿನ ವಿಷಯದಲ್ಲಿ ಯೂರಿನ್ ಟೆಸ್ಟಿನ ಚಿಂತೆಯೇ ಬೇಡ. ಗಿಡದ ಯಾವ ಭಾಗದ ಸಾರ ಅಂತ ಬರೆಯದ ಸಿಬಿಡಿ ಎಣ್ಣೆಯ ಮಾತು ಬೇರೆ. ಕೆಲಸದಲ್ಲಿ ಪರೀಕ್ಷೆ ಇದೆ ಅಂದರೆ ಅದರ ಹತ್ತಿರ ಹೋಗಬೇಡಿ.

ಹೆಂಪ್ ಆಯಿಲ್, ಹೆಂಪ್ ಸೀಡ್ ಆಯಿಲ್, ಸಿಬಿಡಿ ಆಯಿಲ್, ಎಲ್ಲಾ ಒಂದೇ ಅಲ್ವಾ?

ಅಲ್ಲ. ಹೆಂಪ್ ಸೀಡ್ ಆಯಿಲ್ ಅಂದರೆ ಬೀಜದ ಎಣ್ಣೆ, ಕುಸುಬೆ ಎಣ್ಣೆ, ಎಳ್ಳೆಣ್ಣೆ ಇದ್ದ ಹಾಗೆ. ಅರ್ಧಕ್ಕಿಂತ ಹೆಚ್ಚು ಲಿನೋಲೆಯಿಕ್ ಆಮ್ಲ ಅನ್ನುವ ಕೊಬ್ಬಿನಾಮ್ಲ, ಜೊತೆಗೆ ಒಂದಷ್ಟು ಒಮೆಗಾ-3. ಹಿಂಡಿದ ಎಣ್ಣೆಯನ್ನು ಹಾಗೇ ಬಾಟಲಿಗೆ ತುಂಬಿದ್ದರೆ ಹಸಿರು ಬಣ್ಣ, ಕಾಯಿಬೀಜದ ವಾಸನೆ ಇರುತ್ತದೆ. ಸಿಬಿಡಿ ಎಣ್ಣೆ ಅಂದರೆ ಗಿಡದ ಹೂವಿನಿಂದಲೋ ಎಲೆಯಿಂದಲೋ ದ್ರಾವಕ ಹಾಕಿ ತೆಗೆದ ಸಾರವನ್ನು ಇನ್ನೊಂದು ಎಣ್ಣೆಯಲ್ಲಿ ಕರಗಿಸಿದ್ದು. ಕಾನೂನಿನ ತಕರಾರೆಲ್ಲ ಇದರದ್ದೇ. ಬರೀ "ಹೆಂಪ್ ಆಯಿಲ್" ಅಂದರೆ ಎರಡರಲ್ಲಿ ಯಾವುದೂ ಆಗಿರಬಹುದು. ಕೆಲವು ಮಾರಾಟಗಾರರು ಬೇಕಂತಲೇ ಅಷ್ಟಕ್ಕೇ ನಿಲ್ಲಿಸುತ್ತಾರೆ. ಬೀಜದ ಎಣ್ಣೆಯನ್ನು ಸಿಬಿಡಿಯ ಬೆಲೆಗೆ ಮಾರುವ ದಾರಿ ಅದು. ಇದು ನನಗೆ ಸರಿಕಾಣುವುದಿಲ್ಲ. ಗಿರಾಕಿಗೆ ಏನು ಕೊಡುತ್ತಿದ್ದೇವೆ ಅಂತ ಬಾಯಿಬಿಟ್ಟು ಹೇಳಬೇಕು.

ಡಬ್ಬಿ ಕೈಗೆ ತಗೊಂಡ್ರೆ ಏನೇನು ನೋಡ್ಬೇಕು?

ಮುಂದಿನ ಚಿತ್ರ ಬಿಡಿ, ಹಿಂದೆ ತಿರುಗಿಸಿ. ಪದಾರ್ಥಗಳ ಪಟ್ಟಿಯಲ್ಲಿ "ಕ್ಯಾನಬಿಸ್ ಸಟೈವಾ ಸೀಡ್ ಆಯಿಲ್" ಅಂತ ಪೂರ್ತಿ ಇದೆಯಾ ನೋಡಿ. ಅದರಲ್ಲಿ "ಸೀಡ್" ಅನ್ನುವ ಪದವೇ ಮುಖ್ಯ. ಪಟ್ಟಿಯನ್ನು ಜಾಸ್ತಿ ಇರುವುದರಿಂದ ಕಮ್ಮಿ ಇರುವುದಕ್ಕೆ ಬರೆಯಬೇಕು. ಹೆಂಪ್ ಎಣ್ಣೆ ಸುಗಂಧಕ್ಕಿಂತ ಕೆಳಗೆ, ಕೊನೆಯಲ್ಲೆಲ್ಲೋ ಕೂತಿದ್ದರೆ ನೀವು ದುಡ್ಡು ಕೊಡುತ್ತಿರುವುದು ಹೆಸರಿಗೆ. ಆಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಎಷ್ಟರೊಳಗೆ ಬಳಸಬೇಕು ಅನ್ನುವ ತಿಂಗಳು-ವರ್ಷ. ವಿದೇಶದ ಮಾಲಾದರೆ ಆಮದು ನೋಂದಣಿ ನಂಬರು. ಲೈಸೆನ್ಸ್ ನಂಬರೇ ಇಲ್ಲದ ಡಬ್ಬಿಯನ್ನು ಹೆಂಪ್ ಇರಲಿ, ಅರಿಶಿನ ಇರಲಿ, ವಾಪಸ್ ಇಟ್ಟುಬಿಡಿ.

ಮಗಳು ಅಮೆರಿಕದಿಂದ ಬರ್ತಿದ್ದಾಳೆ. ನನ್ನ ಮಂಡಿನೋವಿಗೆ ಸಿಬಿಡಿ ಕ್ರೀಮ್ ತರ್ತೀನಿ ಅಂತಾಳೆ. ತರ್ಬಹುದಾ ಅಮ್ಮಾ?

ಬೇಡ ಅಂತ ಹೇಳಿ. ಅಲ್ಲಿ ಅಂಗಡಿಯಲ್ಲಿ ಸಲೀಸಾಗಿ ಸಿಗುವ ಕ್ರೀಮು ಹೂವಿನ ಸಾರದಿಂದ ಮಾಡಿದ್ದಿರಬಹುದು, ಅದರಲ್ಲಿ ಸ್ವಲ್ಪ ಟಿಎಚ್‌ಸಿಯೂ ಇರಬಹುದು. ಅಂಥದ್ದನ್ನು ದೇಶದೊಳಗೆ ತರುವುದು ನಮ್ಮ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಅಪರಾಧ. ಏರ್‌ಪೋರ್ಟಿನಲ್ಲಿ "ಇದು ನೋವಿನ ಕ್ರೀಮು, ಅಮ್ಮನಿಗೆ" ಅಂದರೆ ಕಸ್ಟಮ್ಸ್‌ನವರು ಬಿಟ್ಟುಬಿಡಬೇಕು ಅಂತ ಎಲ್ಲೂ ಇಲ್ಲ. ಮಂಡಿನೋವಿಗೆ ಇಲ್ಲಿಯ ವೈದ್ಯರನ್ನು ಕಾಣಿ. ಮಗಳು ನೆಮ್ಮದಿಯಾಗಿ ಮನೆ ಸೇರುವುದು ಮುಖ್ಯ.

## ತಯಾರಿಸುವವರು ಕೇಳುವುದು

ಮನೇಲೇ ಸೋಪು ಮಾಡಿ ಇನ್‌ಸ್ಟಾಗ್ರಾಮಲ್ಲಿ ಮಾರ್ತೀನಿ. ಹೆಂಪ್ ಎಣ್ಣೆ ಹಾಕೋಕೆ ಬೇರೆ ಲೈಸೆನ್ಸ್ ಬೇಕಾ?

ಹೆಂಪ್ ಎಣ್ಣೆಗಂತ ಬೇರೆ ಲೈಸೆನ್ಸ್ ಇಲ್ಲ. ಆದರೆ ಸೌಂದರ್ಯವರ್ಧಕ ತಯಾರಿಸಿ ಮಾರುವುದಕ್ಕೇ ಒಂದು ಲೈಸೆನ್ಸ್ ಬೇಕು. ಅದನ್ನು ಬಹಳ ಜನ ಮಾಡಿಸಿಕೊಂಡೇ ಇಲ್ಲ. 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ, ಅದರಡಿ ಬಂದ 2020ರ ಕಾಸ್ಮೆಟಿಕ್ಸ್ ನಿಯಮಗಳು, ಇವೆರಡೂ ದೊಡ್ಡ ಕಂಪನಿಗೂ ಅಡುಗೆಮನೆಗೂ ಒಂದೇ. ಮೈಗೆ ಹಚ್ಚುವ, ಸುರಿಯುವ, ಉದುರಿಸುವ, ಸಿಂಪಡಿಸುವ ವಸ್ತು, ಅದರ ಉದ್ದೇಶ ಶುಚಿ ಅಥವಾ ಅಂದ ಆಗಿದ್ದರೆ, ಅದು ಕಾಸ್ಮೆಟಿಕ್.

ಲೈಸೆನ್ಸ್ ಕೊಡುವುದು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು. ಸಿಗುವ ಪತ್ರದ ಹೆಸರು ಸಿಒಎಸ್-8. ಒಮ್ಮೆ ಸಿಕ್ಕರೆ ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿಕೊಂಡು ಮುಂದುವರಿಸಬಹುದು. ಜಾಗ ಹೇಗಿರಬೇಕು, ಯಾವ ಸಲಕರಣೆ ಇರಬೇಕು ಅಂತ ನಿಯಮ ಇದೆ. ಮೇಲ್ವಿಚಾರಣೆಗೆ ಫಾರ್ಮಸಿ ಡಿಪ್ಲೊಮಾ ಆದವರೋ, ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದವರೋ ಒಬ್ಬರು ಇರಬೇಕು. ಮನೆಯ ಅಡುಗೆಕೋಣೆ ಈ ಲೆಕ್ಕಕ್ಕೆ ಬರುವುದು ಕಷ್ಟ. ಅದಕ್ಕೆ ಒಂದು ಒಳ್ಳೆ ದಾರಿ ಇದೆ: ಲೈಸೆನ್ಸ್ ಇರುವ ಇನ್ನೊಬ್ಬರ ಘಟಕದಲ್ಲಿ ನಿಮ್ಮ ಸೋಪು ಮಾಡಿಸಿಕೊಳ್ಳಲು ಲೋನ್ ಲೈಸೆನ್ಸ್ ತೆಗೆದುಕೊಳ್ಳುವುದು. ಸ್ವಂತ ಘಟಕ ಕಟ್ಟುವ ಖರ್ಚಿಲ್ಲ, ಹೆಸರು ನಿಮ್ಮದೇ.

ಹೆಂಪ್ ಹೆಸರಿನ ಸೋಪು ಬೇಗ ಕಣ್ಣಿಗೆ ಬೀಳುತ್ತದೆ. ಲೈಸೆನ್ಸ್ ಇಲ್ಲದವರು ಮೊದಲು ಹೆಂಪ್‌ಗೆ ಕೈ ಹಾಕುವುದು ತಲೆಕೆಳಗಾದ ಕೆಲಸ. ಕಾಗದ ಮೊದಲು, ಎಣ್ಣೆ ಆಮೇಲೆ.

ಎಣ್ಣೆ ಕೊಡೋರು ಯಾವ ಕಾಗದ ಕೊಡ್ಬೇಕು? ಒಂದು ಸರ್ಟಿಫಿಕೇಟ್ ಕಳ್ಸಿದ್ರು, ಏನೂ ಅರ್ಥ ಆಗ್ಲಿಲ್ಲ.

ಅವರು ಕಳಿಸಿದ್ದು ಪರೀಕ್ಷಾ ವರದಿ. ಅದನ್ನು ಓದುವುದು ಕಲಿತರೆ ಅರ್ಧ ಗೆದ್ದಂತೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ವರದಿಯ ಮೇಲುಗಡೆ ಬ್ಯಾಚ್ ನಂಬರು ನೋಡಿ. ಈಗ ನಿಮ್ಮ ಕ್ಯಾನಿನ ಮೇಲೆ ಅಂಟಿಸಿರುವ ಬ್ಯಾಚ್ ನಂಬರು ನೋಡಿ. ಎರಡೂ ಒಂದೇ ಆಗಿರಬೇಕು. ಹಳೇ ಬ್ಯಾಚಿನ ಒಂದೇ ವರದಿಯನ್ನು ವರ್ಷಗಟ್ಟಲೆ ಎಲ್ಲರಿಗೂ ಕಳಿಸುವವರು ಇದ್ದಾರೆ. ಆ ವರದಿ ನಿಮ್ಮ ಎಣ್ಣೆಯದ್ದಲ್ಲ, ನಿಮಗೆ ಅದರಿಂದ ರಕ್ಷಣೆಯೂ ಇಲ್ಲ.

ಆಮೇಲೆ ಟಿಎಚ್‌ಸಿ ಸಾಲಿಗೆ ಬನ್ನಿ. ಅಲ್ಲಿ "ಎನ್‌ಡಿ" ಅಂತ ಇರುತ್ತದೆ. ಅಂದರೆ ಪತ್ತೆಯಾಗಲಿಲ್ಲ. ಪತ್ತೆಯಾಗಲಿಲ್ಲ ಅಂದರೆ ಇಲ್ಲವೇ ಇಲ್ಲ ಅಂತ ಅರ್ಥವಲ್ಲ. ಆ ಯಂತ್ರ ಎಷ್ಟು ಸಣ್ಣ ಪ್ರಮಾಣದವರೆಗೆ ಹಿಡಿಯಬಲ್ಲದು ಅನ್ನುವ ಅಂಕಿ ಪಕ್ಕದ ಕಾಲಮ್ಮಿನಲ್ಲಿ ಇರಬೇಕು. ಕೆಜಿಗೆ 1 ಮಿಲಿಗ್ರಾಂವರೆಗೆ ಹಿಡಿಯುವ ಯಂತ್ರ "ಎನ್‌ಡಿ" ಅಂದರೆ ಆ ಮಾತಿಗೆ ತೂಕವಿದೆ. ಕೆಜಿಗೆ 500 ಮಿಲಿಗ್ರಾಂಗಿಂತ ಕೆಳಗೆ ಕಾಣದ ಯಂತ್ರ "ಎನ್‌ಡಿ" ಅಂದರೆ ಅದರಿಂದ ಉಪಯೋಗ ಇಲ್ಲ. ಆ ಕಾಲಮ್ಮೇ ಇಲ್ಲದಿದ್ದರೆ ಫೋನ್ ಮಾಡಿ ಕೇಳಿ. ಕೊನೆಗೆ, ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇದೆಯಾ, ಸಹಿ ಮತ್ತು ತಾರೀಕು ಇದೆಯಾ ನೋಡಿ.

ವರದಿಯ ಜೊತೆಗೆ ಇನ್ನೆರಡು ಕೇಳಿ: ಇದು ಬೀಜದಿಂದ ಮಾತ್ರ ಹಿಂಡಿದ್ದು ಅನ್ನುವ ಬರವಣಿಗೆ, ಮತ್ತು ಬೀಜ ಯಾವ ಲೈಸೆನ್ಸಿನಡಿ ಬೆಳೆದದ್ದು ಅನ್ನುವ ವಿವರ. ಬಿಲ್ಲು ಸರಿಯಾದ ಹೆಸರಿನಲ್ಲಿ, ಬ್ಯಾಚ್ ನಂಬರಿನ ಸಮೇತ ಇರಲಿ. ಇಷ್ಟೆಲ್ಲ ಯಾಕೆ ಅಂದರೆ, ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 35ರ ಪ್ರಕಾರ ನಿಮ್ಮ ಮನಸ್ಸಿನಲ್ಲಿ ತಪ್ಪು ಉದ್ದೇಶ ಇತ್ತು ಅಂತಲೇ ಕೋರ್ಟು ಮೊದಲು ಭಾವಿಸುತ್ತದೆ. ಇರಲಿಲ್ಲ ಅಂತ ತೋರಿಸುವ ಹೊಣೆ ನಿಮ್ಮದು. "ನನಗೆ ಗೊತ್ತಿರಲಿಲ್ಲ ಸಾರ್" ಅನ್ನೋ ಮಾತಿಗಿಂತ ಈ ಫೈಲು ಗಟ್ಟಿ.

ಎಣ್ಣೆಯಲ್ಲಿ ಟಿಎಚ್‌ಸಿ ಎಷ್ಟಿದ್ರೆ ಪರ್ವಾಗಿಲ್ಲ? ಎಲ್ರೂ 0.3 ಪರ್ಸೆಂಟ್ ಅಂತಾರೆ.

ಆ 0.3 ಹೊಲದ ಲೆಕ್ಕ. ಹೆಂಪ್ ಬೆಳೆಯಲು ಲೈಸೆನ್ಸ್ ಕೊಡುವಾಗ ಗಿಡದಲ್ಲಿ ಟಿಎಚ್‌ಸಿ ಅದಕ್ಕಿಂತ ಕಡಿಮೆ ಇರಬೇಕು ಅನ್ನುತ್ತಾರೆ. ನಿಮ್ಮ ಕ್ರೀಮಿನಲ್ಲಿ ಅಷ್ಟು ಇರಬಹುದು ಅಂತ ಅದರ ಅರ್ಥ ಅಲ್ಲ. 0.3 ಪರ್ಸೆಂಟ್ ಅಂದರೆ ಕೆಜಿಗೆ 3,000 ಮಿಲಿಗ್ರಾಂ. ಕಾಸ್ಮೆಟಿಕ್‌ಗೆ ಅದು ವಿಪರೀತ.

ಕಾಸ್ಮೆಟಿಕ್ಸ್ ನಿಯಮಗಳಲ್ಲಿ ಟಿಎಚ್‌ಸಿಗೆ ಇಂತಿಷ್ಟು ಅಂತ ರಿಯಾಯಿತಿ ಇಲ್ಲ. ಅಳತೆಗೋಲು ಬೇಕು ಅನ್ನುವವರಿಗೆ ಆಹಾರದ ನಿಯಮ ಒಂದಿದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2021ರ ನವೆಂಬರಿನಲ್ಲಿ ಹೆಂಪ್ ಬೀಜ, ಎಣ್ಣೆ, ಹಿಟ್ಟನ್ನು ಆಹಾರ ಅಂತ ಒಪ್ಪಿಕೊಂಡಿತು. ಬೀಜದ ಎಣ್ಣೆಯಲ್ಲಿ ಕೆಜಿಗೆ 10 ಮಿಲಿಗ್ರಾಂ, ಬೀಜದಲ್ಲಿ 5 ಮಿಲಿಗ್ರಾಂ ಮೀರಬಾರದು ಅಂದಿತು. ತಿನ್ನುವ ಎಣ್ಣೆಗೇ ಇಷ್ಟು ಬಿಗಿ ಇರುವಾಗ ಹಚ್ಚುವ ಎಣ್ಣೆ ಅದಕ್ಕಿಂತ ಕೆಳಗಿರಲಿ ಅನ್ನೋದು ನನ್ನ ಸಲಹೆ. ನನ್ನನ್ನು ಕೇಳುವವರಿಗೆಲ್ಲ "ಎಣ್ಣೆ ಫುಡ್ ಗ್ರೇಡ್ ಇರಲಿ" ಅನ್ನೋದು ಇದಕ್ಕೇ.

ನಮ್ಮೂರಲ್ಲಿ ಜಮೀನಿದೆ. ಬದುವಿನಲ್ಲಿ ನಾಲ್ಕು ಗಿಡ ಹಾಕಿ ಬೀಜ ತಗೊಂಡ್ರೆ ಆಗಲ್ವಾ?

ಖಂಡಿತ ಬೇಡ. ಬೀಜ ಗಾಂಜಾ ಅಲ್ಲ, ನಿಜ. ಆದರೆ ಅನುಮತಿ ಇಲ್ಲದೆ ಗಿಡ ಬೆಳೆಯುವುದೇ ಬೇರೆ ಅಪರಾಧ. ನಾಲ್ಕು ಗಿಡ ಅಂತ ವಿನಾಯಿತಿ ಇಲ್ಲ. ಸೆಕ್ಷನ್ 20ರಲ್ಲಿ ಹತ್ತು ವರ್ಷದವರೆಗೆ ಶಿಕ್ಷೆ, ಒಂದು ಲಕ್ಷದವರೆಗೆ ದಂಡ ಇದೆ. ತೊಗರಿ, ಹತ್ತಿ, ಕಬ್ಬಿನ ನಡುವೆ ಬೆಳೆದದ್ದನ್ನು ಅಬಕಾರಿಯವರು ಕಿತ್ತು ಕೇಸು ಹಾಕುವ ಸುದ್ದಿ ನೀವೂ ಓದಿರುತ್ತೀರಿ.

ನಾರಿಗೋ ಬೀಜಕ್ಕೋ ಬೆಳೆಯಲು ಸರ್ಕಾರ ಆದೇಶ ಹೊರಡಿಸಿ ಒಪ್ಪಿಗೆ ಕೊಡಬಹುದು ಅಂತ ಸೆಕ್ಷನ್ 14 ಹೇಳುತ್ತದೆ. ಉತ್ತರಾಖಂಡ 2018ರಲ್ಲಿ ಈ ದಾರಿಯಲ್ಲಿ ಲೈಸೆನ್ಸ್ ಕೊಟ್ಟ ಮೊದಲ ರಾಜ್ಯ. ಬೀಜ, ಎಣ್ಣೆ ಅಂಥ ಕಡೆಯಿಂದ ಬಿಲ್ಲಿನ ಮೇಲೆ ತರಿಸಿಕೊಳ್ಳಿ.

ಸೋಪಿಗೆ ಎಷ್ಟು ಹಾಕ್ಲಿ?

ಬೀಜದ ಎಣ್ಣೆಗೆ ಕಾನೂನಿನ ಮಿತಿ ಇಲ್ಲ, ಮಿತಿ ಹಾಕುವುದು ಎಣ್ಣೆಯ ಗುಣ. ಬೇಗ ಕಮಟುತ್ತದೆ. ಸೋಪಿನ ಒಟ್ಟು ಎಣ್ಣೆಯಲ್ಲಿ ಶೇ. 5ರಿಂದ 10 ಸಾಕು. ಜಾಸ್ತಿಯಾದರೆ ಸೋಪು ಮೆತ್ತಗಾಗುತ್ತದೆ, ಕೆಲವು ತಿಂಗಳಲ್ಲಿ ಕಿತ್ತಳೆ ಚುಕ್ಕೆ ಏಳುತ್ತವೆ. ಎಣ್ಣೆಯನ್ನು ಕಪ್ಪು ಬಾಟಲಿಯಲ್ಲಿ, ಫ್ರಿಜ್ಜಿನಲ್ಲಿ ಇಡಿ.

ಭಂಗಿ ಸೊಪ್ಪು ನಿಷೇಧ ಅಲ್ಲ ಅಂತ ನಮ್ಮ ಹೈಕೋರ್ಟೇ ಹೇಳಿದೆಯಂತೆ. ಹಂಗಾದ್ರೆ ಎಲೆ ಅರೆದು ಫೇಸ್‌ಪ್ಯಾಕ್ ಮಾಡ್ಬಹುದಾ?

2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ ಭಂಗಿಯನ್ನು ಎನ್‌ಡಿಪಿಎಸ್ ಕಾಯ್ದೆ ನಿಷೇಧಿಸಿಲ್ಲ ಅಂದದ್ದು ಹೌದು. ಆದರೆ ಅದು ಜಾಮೀನಿನ ಆದೇಶ. ಎಲೆಯ ವ್ಯಾಪಾರಕ್ಕೆ ಪರವಾನಗಿ ಕೊಟ್ಟಿದ್ದಲ್ಲ.

ಎಲೆ ಕೇಂದ್ರದ ಕಾಯ್ದೆಯಿಂದ ಹೊರಗೆ ಉಳಿದ ಕೂಡಲೇ ರಾಜ್ಯದ ಅಬಕಾರಿ ಕಾಯ್ದೆಯ ಕೈಗೆ ಹೋಗುತ್ತದೆ. ಕೆಲವು ರಾಜ್ಯಗಳಲ್ಲಿ ಸರ್ಕಾರದ ಪರವಾನಗಿ ಪಡೆದ ಭಾಂಗ್ ಅಂಗಡಿಗಳಿವೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಇನ್ನೊಂದು ತೊಡಕು ಗಿಡದ್ದೇ. ಎಲೆ ಕೀಳುವಾಗ ತುದಿಯ ಹೂವು, ಅಂಟು ಜೊತೆಗೆ ಬರುತ್ತದೆ. ಕಾಯ್ದೆ ಬಿಟ್ಟಿರುವುದು ತುದಿ ಇಲ್ಲದ ಎಲೆಯನ್ನು ಮಾತ್ರ. ಪುಡಿ ಮಾಡಿದ ಮೇಲೆ ಅದರಲ್ಲಿ ತುದಿ ಇತ್ತಾ ಇಲ್ಲವಾ ಅಂತ ನೀವು ಹೇಗೆ ತೋರಿಸುತ್ತೀರಿ? ಲ್ಯಾಬಿನಲ್ಲಿ ಟಿಎಚ್‌ಸಿ ಸಿಗುತ್ತದೆ, ವಾದ ಅಲ್ಲಿಂದ ಶುರುವಾಗುತ್ತದೆ. ಫೇಸ್‌ಪ್ಯಾಕಿಗೆ ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ ಇವೆ. ಎಲೆಗಾಗಿ ಇಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳುವುದು ಬೇಡವೇ ಬೇಡ.

ಲೇಬಲ್ ಮೇಲೆ ಎಲೆ ಚಿತ್ರ ಹಾಕಿ "ಮೊಡವೆ, ಸೋರಿಯಾಸಿಸ್ ಗುಣವಾಗುತ್ತೆ" ಅಂತ ಬರೀಬಹುದಾ? ಎಲ್ರೂ ಬರೀತಾರೆ.

ಸೋರಿಯಾಸಿಸ್ ಗುಣವಾಗುತ್ತದೆ ಅಂದ ಕ್ಷಣ ನಿಮ್ಮ ಕ್ರೀಮು ಕಾಸ್ಮೆಟಿಕ್ ಅಲ್ಲ, ಔಷಧ. ಔಷಧದ ಲೈಸೆನ್ಸ್ ಇಲ್ಲದೆ ಔಷಧ ಮಾಡಿದ ಹಾಗಾಯ್ತು. ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರವೇ ಸುಳ್ಳು ಅಥವಾ ದಾರಿ ತಪ್ಪಿಸುವ ಮಾತು ಲೇಬಲ್ ಮೇಲೆ ಇರುವ ಹಾಗಿಲ್ಲ. ಅದರ ಮೇಲೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ ಹತ್ತು ಲಕ್ಷದವರೆಗೆ, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ ದಂಡ ಹಾಕಬಹುದು. ಇನ್‌ಸ್ಟಾ ಪೋಸ್ಟೂ ಜಾಹೀರಾತೇ. ಗಿರಾಕಿಯ "ನನ್ನ ಸೋರಿಯಾಸಿಸ್ ಹೋಯ್ತು ಅಕ್ಕ" ಅನ್ನೋ ಮೆಸೇಜನ್ನು ಸ್ಕ್ರೀನ್‌ಶಾಟ್ ತೆಗೆದು ಹಾಕಿದರೆ ಅದೂ ನೀವು ಹೇಳಿದ ಹಾಗೇ ಲೆಕ್ಕ.

"ಚರ್ಮ ಮೃದುವಾಗುತ್ತದೆ", "ಒಣಗಿದ ಚರ್ಮಕ್ಕೆ ತೇವ ಕೊಡುತ್ತದೆ" ಅನ್ನಿ. ಅದು ನಿಜ, ಅಷ್ಟು ಸಾಕು. ಏಳು ಬೆರಳಿನ ಎಲೆ ಚಿತ್ರದ ಬಗ್ಗೆ ನನ್ನ ಅಭಿಪ್ರಾಯ: ಹಾಕಬೇಡಿ. ನಿಮ್ಮ ಸೋಪಿನಲ್ಲಿ ಎಲೆ ಇಲ್ಲ, ಬೀಜದ ಎಣ್ಣೆ ಇದೆ. ಬೀಜದ ಚಿತ್ರ ಹಾಕಿ. ಕೊರಿಯರ್ ಆಫೀಸಿನಿಂದ ಹಿಡಿದು ಪಕ್ಕದ ಮನೆಯವರವರೆಗೆ ಅನುಮಾನ ಹುಟ್ಟಿಸುವುದು ಆ ಎಲೆಯೇ.

## ಇನ್ನೂ ಆಳಕ್ಕೆ ಇಳಿದವರು ಕೇಳುವುದು

ಸಿಬಿಡಿಯಲ್ಲಿ ಮತ್ತಿಲ್ಲ ಅಂತಾರಲ್ಲ. ಸಿಬಿಡಿ ಸೀರಮ್ಮನ್ನ ಕಾಸ್ಮೆಟಿಕ್ ಅಂತ ಮಾಡೋಕೆ ಏನು ಅಡ್ಡಿ?

ಮತ್ತಿಲ್ಲ, ಸರಿ. ಆದರೆ ನಮ್ಮ ಕಾನೂನು ಕೇಳುವ ಮೊದಲ ಪ್ರಶ್ನೆ ಮತ್ತಿನದ್ದಲ್ಲ, ಅದನ್ನು ಗಿಡದ ಯಾವ ಭಾಗದಿಂದ ತೆಗೆದಿರಿ ಅನ್ನೋದು. ಸಿಬಿಡಿ ಹೇರಳವಾಗಿ ಇರುವುದು ಹೂವಿನ ತುದಿಯಲ್ಲಿ. ಅದೇ ಗಾಂಜಾ. ಅಲ್ಲಿಂದ ತೆಗೆದ ಸಾರ ಎಷ್ಟೇ ಶುದ್ಧ ಅಂದರೂ ಶುರು ಮಾಡಿದ್ದು ನಿಷಿದ್ಧ ವಸ್ತುವಿನಿಂದ.

ಎರಡನೇ ಅಡ್ಡಿ ಗುಣಮಟ್ಟ ನಿಗದಿ ಮಾಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಐಎಸ್ 4707, ಭಾಗ 2. ಕಾಸ್ಮೆಟಿಕ್‌ನಲ್ಲಿ ಬಳಸಬಾರದ ಪದಾರ್ಥಗಳ ಪಟ್ಟಿ ಅದು. 1961ರಲ್ಲಿ ನ್ಯೂಯಾರ್ಕ್‌ನಲ್ಲಿ ಸಹಿಯಾದ ಮಾದಕ ವಸ್ತು ಒಪ್ಪಂದದ ಮೊದಲ ಎರಡು ಪಟ್ಟಿಗಳಲ್ಲಿರುವ ಎಲ್ಲವೂ ಅಲ್ಲಿ ಸೇರಿವೆ. ಗಾಂಜಾ, ಅದರ ಅಂಟು, ಅವುಗಳ ಸಾರ ಮೂರೂ ಆ ಒಪ್ಪಂದದ ಮೊದಲ ಪಟ್ಟಿಯಲ್ಲಿವೆ. ಲ್ಯಾಬಿನಲ್ಲೇ ತಯಾರಿಸಿದ ಸಿಬಿಡಿಗೆ ಈ ಗಿಡದ ಗಂಟು ಇಲ್ಲ. ಆದರೆ ಅದಕ್ಕೂ ಮೊದಲು ಲೈಸೆನ್ಸ್ ಅಧಿಕಾರಿಗೆ ಬರೆದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಂಡೇ ಮುಂದೆ ಹೋಗಿ. ಬಾಯಿಮಾತಿನ "ಮಾಡ್ಕೊಳ್ಳಿ, ಏನಾಗಲ್ಲ" ನಾಳೆ ನಿಮ್ಮ ನೆರವಿಗೆ ಬರುವುದಿಲ್ಲ.

ಆಯುಷ್ ಲೈಸೆನ್ಸ್ ತಗೊಂಡ್ರೆ ಸಿಬಿಡಿ, ಎಲೆ ಎಲ್ಲಾ ಹಾಕ್ಬಹುದಂತೆ. ಹೌದಾ?

ಸ್ವಲ್ಪ ಹೌದು, ಆದರೆ ಆಗ ಅದು ಕಾಸ್ಮೆಟಿಕ್ ಅಲ್ಲ. ಆಯುರ್ವೇದದಲ್ಲಿ ಈ ಗಿಡಕ್ಕೆ ವಿಜಯಾ ಅನ್ನುವ ಹೆಸರಿದೆ. ಅಧಿಕೃತ ಗ್ರಂಥಗಳಲ್ಲಿ ಹೇಳಿದ ಔಷಧ ಮಿಶ್ರಣಗಳಲ್ಲಿ ಅದನ್ನು ಬಳಸಬಹುದು. ಮಾರುಕಟ್ಟೆಯಲ್ಲಿ ಕಾನೂನುಬದ್ಧವಾಗಿ ಸಿಗುವ "ವಿಜಯಾ ಎಕ್ಸ್‌ಟ್ರಾಕ್ಟ್" ಬಾಟಲಿಗಳು ಬಂದದ್ದು ಈ ದಾರಿಯಿಂದ.

ಇಲ್ಲೂ ಕಟ್ಟಳೆಗಳಿವೆ. ಡ್ರಗ್ಸ್ ನಿಯಮಗಳ ಶೆಡ್ಯೂಲ್ ಇ(1) ಅಂದರೆ ವಿಷಪದಾರ್ಥಗಳ ಪಟ್ಟಿ. ದತ್ತೂರ, ವತ್ಸನಾಭಿ, ಗುಲಗಂಜಿಯ ಜೊತೆಗೆ ಭಂಗಿಯೂ ಅದರಲ್ಲಿದೆ, ಬೀಜ ಮಾತ್ರ ಇಲ್ಲ. ಹೊಟ್ಟೆಗೆ ಕೊಡುವ ಔಷಧದಲ್ಲಿ ಅದು ಇದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಬೇಕು ಅನ್ನುವ ಎಚ್ಚರಿಕೆ ಇಂಗ್ಲಿಷ್, ಹಿಂದಿ ಎರಡರಲ್ಲೂ ಇರಬೇಕು. ಎಲೆ ಕೊಳ್ಳಲು, ಇಟ್ಟುಕೊಳ್ಳಲು, ಸಾಗಿಸಲು ಅಬಕಾರಿ ಪರವಾನಗಿ ಬೇರೆ. ಇದೆಲ್ಲ ವೈದ್ಯರು ಬರೆದುಕೊಡುವ ಔಷಧಕ್ಕೆ ಇರುವ ವ್ಯವಸ್ಥೆ. ಪರಿಮಳದ ಲೋಷನ್ ಮಾರಲು ಇದನ್ನು ಅಡ್ಡದಾರಿ ಮಾಡಿಕೊಳ್ಳುವುದು ಆಯುರ್ವೇದಕ್ಕೂ ಒಳ್ಳೆಯದಲ್ಲ. ನಿಜವಾಗಿ ನೋವಿನಲ್ಲಿ ಇರುವ ರೋಗಿಗಳಿಗೆ ಸಿಗುತ್ತಿರುವ ಔಷಧದ ಮೇಲೂ ಅನುಮಾನ ಬರುತ್ತದೆ.

ಯುರೋಪಿನವರು ಹೆಂಪ್ ಬಾಮ್ ಕೇಳ್ತಿದ್ದಾರೆ. ಅಲ್ಲಿ ಸಿಬಿಡಿನೂ ಓಕೆ ಅಂತೆ?

ಅಲ್ಲಿಯ ಕಾಸ್ಮೆಟಿಕ್ ಕಾನೂನು 1223/2009. ಅದರ ಎರಡನೇ ಅನುಬಂಧದ 306ನೇ ಸಾಲು 1961ರ ಒಪ್ಪಂದದ ಮಾದಕ ವಸ್ತುಗಳನ್ನು ನಿಷೇಧಿಸುತ್ತದೆ. ಬೀಜದ ಎಣ್ಣೆಗೆ ಅಲ್ಲೂ ತೊಂದರೆ ಇಲ್ಲ.

ಸಿಬಿಡಿಯ ಗಾಳಿ ತಿರುಗಿದ್ದು 2020ರ ನವೆಂಬರ್ 19ರಂದು. ಜೆಕ್ ದೇಶದಲ್ಲಿ ಇಡೀ ಗಿಡದಿಂದ ತೆಗೆದ ಸಿಬಿಡಿಯನ್ನು ಫ್ರಾನ್ಸಿನಲ್ಲಿ ಮಾರಿದ್ದಕ್ಕೆ ಕೇಸಾಗಿತ್ತು. ಕನಾವೇಪ್ ಪ್ರಕರಣ ಅಂತ ಹೆಸರು. ಈಗಿನ ವೈಜ್ಞಾನಿಕ ತಿಳಿವಳಿಕೆಯಲ್ಲಿ ಸಿಬಿಡಿ ಅಮಲು ತರಿಸುವುದಿಲ್ಲ, ಆದ್ದರಿಂದ ಅದನ್ನು ಒಪ್ಪಂದದ ಅರ್ಥದಲ್ಲಿ ಮಾದಕ ವಸ್ತು ಅನ್ನಲಾಗದು ಅಂತ ಯುರೋಪಿನ ನ್ಯಾಯಾಲಯ ಹೇಳಿತು. 2021ರಲ್ಲಿ ಅಲ್ಲಿಯ ಕಾಸ್ಮೆಟಿಕ್ ಪದಾರ್ಥಗಳ ಕೋಶ ಕಾಸಿಂಗ್‌ನಲ್ಲಿ ಗಿಡದಿಂದ ತೆಗೆದ ಸಿಬಿಡಿಗೂ ಜಾಗ ಸಿಕ್ಕಿತು. ಆದರೆ ಆ ಕೋಶ ಬರೀ ಮಾಹಿತಿಗೆ. ಒಂದೊಂದು ದೇಶದ ಕಾನೂನನ್ನು ಮತ್ತೆ ನೋಡಲೇಬೇಕು.

ನಿಮಗೆ ನನ್ನ ಮಾತು ಇಷ್ಟೇ: ಅಲ್ಲಿ ಓಕೆ ಅಂದ ಮಾತ್ರಕ್ಕೆ ಇಲ್ಲಿ ಸಿಬಿಡಿ ಬಾಮ್ ತಯಾರಿಸಬಹುದು ಅಂತಾಗುವುದಿಲ್ಲ. ತಯಾರಾಗುವುದು ಭಾರತದಲ್ಲಿ, ಮೊದಲು ನಮ್ಮ ಕಾನೂನು. ಬೀಜದ ಎಣ್ಣೆಯ ಬಾಮ್ ಕಳಿಸಿ. ಅದಕ್ಕೂ ಅಲ್ಲಿ ಜವಾಬ್ದಾರಿ ಹೊರುವ ಒಬ್ಬ ವ್ಯಕ್ತಿ ಅಥವಾ ಸಂಸ್ಥೆ, ಸುರಕ್ಷತಾ ವರದಿ, ಆನ್‌ಲೈನ್ ನೋಂದಣಿ ಬೇಕು. ಸುರಕ್ಷತಾ ವರದಿ ಬರೆಯುವವರು ಮೊದಲು ಕೇಳುವುದು ಎಣ್ಣೆಯ ಬ್ಯಾಚ್ ವರದಿಯನ್ನೇ.

ದುಬೈ, ಸಿಂಗಪುರ, ಚೀನಾ, ಜಪಾನ್? ಒಂದೊಂದು ಕಡೆ ಒಂದೊಂದು ಹೇಳ್ತಾರೆ.

ನಿಜವಾಗಿಯೂ ಒಂದೊಂದು ಕಡೆ ಒಂದೊಂದು.

ಚೀನಾ 2021ರಲ್ಲಿ ಬೀಜದ ಎಣ್ಣೆಯನ್ನೂ ಕಾಸ್ಮೆಟಿಕ್‌ನಿಂದ ಹೊರಗೆ ಹಾಕಿತು. ಎಲೆಯ ಸಾರ, ಸಿಬಿಡಿ ಕೂಡ ಹೋದವು. ಅಲ್ಲಿಗೆ ಹೆಂಪ್ ಹೆಸರಿನದೇನೂ ಕಳಿಸಬೇಡಿ. ಜಪಾನ್ ಮೊದಲು ಗಿಡದ ಭಾಗ ನೋಡುತ್ತಿತ್ತು. 2024ರ ಡಿಸೆಂಬರಿನಿಂದ ಉಳಿದಿರುವ ಟಿಎಚ್‌ಸಿ ಎಷ್ಟು ಅಂತ ನೋಡುತ್ತದೆ. ಎಣ್ಣೆಗೆ ಕೆಜಿಗೆ 10 ಮಿಲಿಗ್ರಾಂ ಮಿತಿ. ಕೆನಡಾದಲ್ಲೂ ಬೀಜದಿಂದ ಮಾಡಿದ ವಸ್ತುಗಳಿಗೆ ಇದೇ 10ರ ಲೆಕ್ಕ. ಬ್ರಿಟನ್‌ನಲ್ಲಿ ಒಂದು ಡಬ್ಬಿಯಲ್ಲಿ ಟಿಎಚ್‌ಸಿಯಂಥ ನಿಯಂತ್ರಿತ ಪದಾರ್ಥ 1 ಮಿಲಿಗ್ರಾಂ ಮೀರಬಾರದು. ಡಬ್ಬಿ ದೊಡ್ಡದಿರಲಿ ಚಿಕ್ಕದಿರಲಿ, ಅಷ್ಟೇ. ಅಮೆರಿಕ 2018ರ ಕೃಷಿ ಕಾಯ್ದೆಯಲ್ಲಿ ಹೆಂಪ್‌ಗೆ ಬಾಗಿಲು ತೆರೆದಿತ್ತು, 2025ರ ನವೆಂಬರಿನಲ್ಲಿ ಅದನ್ನು ಬಿಗಿ ಮಾಡುವ ತಿದ್ದುಪಡಿ ತಂದಿದೆ. ಹಳೇ ಮಾಹಿತಿ ನಂಬಿ ಅಲ್ಲಿಗೆ ಮಾಲು ಕಳಿಸಬೇಡಿ.

ಸಿಂಗಪುರ, ಕೊಲ್ಲಿ ದೇಶಗಳು ಬಹಳ ಬಿಗಿ. ಮಂಗಳೂರು, ಉಡುಪಿ ಕಡೆಯಿಂದ ದುಬೈಗೆ ಓಡಾಡುವವರು ಎಷ್ಟೋ ಜನ ಇದ್ದೀರಿ. ಇಲ್ಲಿ ಅಂಗಡಿಯಲ್ಲಿ ಕೊಂಡ ಹೆಂಪ್ ಲೋಷನ್ ಅನ್ನೂ ಬ್ಯಾಗಿಗೆ ಹಾಕಿಕೊಳ್ಳಬೇಡಿ. ಡಬ್ಬಿಯ ಮೇಲೆ "ಕ್ಯಾನಬಿಸ್" ಅಂತ ಇದ್ದರೆ ಅದು ಬೀಜದ್ದೋ ಹೂವಿನದ್ದೋ ಅಂತ ಅಲ್ಲಿಯ ಕೌಂಟರಿನಲ್ಲಿ ನಿಂತು ವಿವರಿಸುವ ಪರಿಸ್ಥಿತಿ ಯಾರಿಗೂ ಬರಬಾರದು. ಕೆಲಸ, ವೀಸಾ ಎರಡೂ ಹೋದಾವು.

ವಿಶ್ವಸಂಸ್ಥೆ ಗಾಂಜಾವನ್ನ ಪಟ್ಟಿಯಿಂದ ತೆಗೆದುಹಾಕಿದೆ, ಭಾರತವೂ ವೋಟ್ ಹಾಕಿದೆ ಅಂತ ವಾಟ್ಸಾಪಲ್ಲಿ ಬಂದಿತ್ತು. ಇನ್ನು ಯಾಕೆ ಭಯ?

ಪೂರ್ತಿ ಮಾತಲ್ಲ ಅದು. 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗದಲ್ಲಿ 27-25ರ ಮತದಿಂದ ಗಾಂಜಾವನ್ನು 1961ರ ಒಪ್ಪಂದದ ನಾಲ್ಕನೇ ಪಟ್ಟಿಯಿಂದ ತೆಗೆದರು. ಭಾರತ ಪರವಾಗಿ ಮತ ಹಾಕಿತು. ನಾಲ್ಕನೇ ಪಟ್ಟಿ ಅತ್ಯಂತ ಅಪಾಯಕಾರಿ, ವೈದ್ಯಕೀಯ ಉಪಯೋಗ ಕಡಿಮೆ ಅನ್ನುವವಕ್ಕೆ. ಆದರೆ ಮೊದಲ ಪಟ್ಟಿಯಲ್ಲಿ ಗಾಂಜಾ ಹಾಗೇ ಉಳಿದಿದೆ. ಕಾಸ್ಮೆಟಿಕ್ ನಿಷೇಧ ಕೊಂಡಿ ಹಾಕಿಕೊಂಡಿರುವುದು ಆ ಮೊದಲ ಪಟ್ಟಿಗೆ. ಸಿಬಿಡಿಗೆ ವಿನಾಯಿತಿ ಕೊಡುವ ಟಿಪ್ಪಣಿಯೊಂದನ್ನು ಅದೇ ದಿನ ಮತಕ್ಕೆ ಹಾಕಿದ್ದರು, ಅದು ಬಿದ್ದುಹೋಯಿತು. ಸೋಪು ಮಾಡುವವರ ಪಾಲಿಗೆ ಆ ಮತದಿಂದ ಏನೂ ಬದಲಾಗಿಲ್ಲ.

ಎಲ್ಲಾ ಸರಿಯಾಗೇ ಮಾಡಿದೀನಿ. ಆದ್ರೂ ಇನ್‌ಸ್ಪೆಕ್ಟರ್ ಬಂದು ಸ್ಯಾಂಪಲ್ ಕೇಳಿದ್ರೆ?

ಕೊಡಿ. ಗಾಬರಿಯಾಗಬೇಡಿ, ವಾದಕ್ಕೂ ಇಳಿಯಬೇಡಿ. ಡ್ರಗ್ಸ್ ಇನ್‌ಸ್ಪೆಕ್ಟರಿಗೆ ಆ ಅಧಿಕಾರ ಇದೆ. ನಿಮಗೂ ಹಕ್ಕುಗಳಿವೆ. ಯಾಕೆ ತೆಗೆದುಕೊಳ್ಳುತ್ತಿದ್ದೇವೆ ಅಂತ ಅವರು ಬರೆದುಕೊಡಬೇಕು, ಸ್ಯಾಂಪಲ್ಲಿಗೆ ನ್ಯಾಯವಾದ ಬೆಲೆ ಕೊಡಲು ಮುಂದಾಗಬೇಕು. ನಿಮ್ಮೆದುರಿಗೇ ಅದನ್ನು ಭಾಗ ಮಾಡಿ ಸೀಲ್ ಹಾಕಬೇಕು. ಒಂದು ಭಾಗ ನಿಮಗೆ ಕೊಡಬೇಕು. ನೀವೂ ಅದರ ಮೇಲೆ ನಿಮ್ಮ ಗುರುತು ಹಾಕಬಹುದು. ಬಿಡಿಸಿದರೆ ಕೆಡುವ ಸಣ್ಣ ಡಬ್ಬಿಗಳಾದರೆ ಅಷ್ಟು ಡಬ್ಬಿಗಳನ್ನೇ ತೆಗೆದುಕೊಳ್ಳುತ್ತಾರೆ.

ನಿಮ್ಮ ಪಾಲಿನ ಸೀಲ್ ಒಡೆಯಬೇಡಿ. ತಂಪಾದ ಕಡೆ, ಬಿಸಿಲು ತಾಗದ ಹಾಗೆ ಇಡಿ. ಆವತ್ತೇ ಆ ಬ್ಯಾಚಿಗೆ ಬಳಸಿದ ಎಣ್ಣೆಯ ವರದಿ, ಬಿಲ್ಲು, ತಯಾರಿಕೆಯ ದಾಖಲೆ ಮೂರನ್ನೂ ಒಂದು ಕಡೆ ಪಿನ್ ಮಾಡಿ. ಸರ್ಕಾರಿ ವಿಶ್ಲೇಷಕರ ವರದಿ ನಿಮಗೆ ವಿರುದ್ಧವಾಗಿ ಬಂದರೆ, ಪ್ರತಿ ಕೈಗೆ ಸಿಕ್ಕ 28 ದಿನದೊಳಗೆ ಅದನ್ನು ಪ್ರಶ್ನಿಸುತ್ತೇನೆ ಅಂತ ಬರೆದು ಕೊಡಬೇಕು. ಆ ದಿನ ಮೀರಿದರೆ ವರದಿಯಲ್ಲಿರುವುದೇ ಅಂತಿಮ ಸಾಕ್ಷಿಯಾಗುತ್ತದೆ. ಅದಕ್ಕೆ ಲಕೋಟೆ ಬಂದ ತಾರೀಕನ್ನು ಅದರ ಮೇಲೇ ಬರೆದಿಡಿ, ಆ ವಾರದಲ್ಲೇ ವಕೀಲರನ್ನು ಕಾಣಿ.